ಆಟ ಬಿಡುವ ಹಕ್ಕು

2012ರ ಮಾರ್ಚಿನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ಆರಂಭವಾದ ‘ಕನ್ನಡದ ಕೋಟ್ಯಧಿಪತಿ’ ಕೆಲವೇ ಆವೃತ್ತಿಗಳನ್ನು ಕಂಡಿತು. ಹದಿನೈದು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ತುದಿಯಲ್ಲಿ ಒಂದು ಕೋಟಿ ರೂಪಾಯಿ. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಈ ಚೌಕಟ್ಟಿನ ಒಂದು ನಿಯಮ ಮಾತ್ರ ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ.

ಪ್ರಶ್ನೆಯನ್ನೂ ಆಯ್ಕೆಗಳನ್ನೂ ಕಂಡ ಮೇಲೆಯೇ ಸ್ಪರ್ಧಿ ಆಟ ಬಿಟ್ಟು, ಅದುವರೆಗೆ ಗೆದ್ದ ಮೊತ್ತವನ್ನು ಒಯ್ಯಬಹುದು. ಊಹಿಸಿ ತಪ್ಪಿದರೆ ಹಿಂದಿನ ಸುರಕ್ಷಿತ ಮೆಟ್ಟಿಲಿಗೆ ಜಾರಬೇಕು. ಹನ್ನೊಂದನೆಯ ಪ್ರಶ್ನೆಯಲ್ಲಿ ತಪ್ಪಿದವನಿಗೂ ಹದಿನಾಲ್ಕನೆಯದರಲ್ಲಿ ತಪ್ಪಿದವನಿಗೂ ದೊರೆಯುವುದು ಹತ್ತನೆಯದರ ಮೊತ್ತವೇ. ಏರಿದಷ್ಟೂ ಊಹೆ ದುಬಾರಿ. ಕಾಪುವಿನ ನಮ್ಮ ಮನೆಯಲ್ಲಿ ಟಿ.ವಿ. ನೋಡುತ್ತಿದ್ದ ದೊಡ್ಡಮ್ಮ, ಸ್ಪರ್ಧಿ ತಡವರಿಸಿದೊಡನೆ “ಸಾಕು ಮಾರಾಯ, ಎದ್ದು ಬಾ” ಎನ್ನುತ್ತಿದ್ದರು. ತಿಳಿಯದು ಎಂದು ಒಪ್ಪಿಕೊಂಡವನಿಗೆ ಹಣ ಕೊಡುವ ಬೇರೊಂದು ವ್ಯವಸ್ಥೆಯನ್ನು ನಾನು ಕಂಡಿಲ್ಲ.

ನಮ್ಮ ಸಂಶೋಧನಾರ್ಥಿಗಳು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿಯೂ ನಾಲ್ಕು ಆಯ್ಕೆಗಳೇ. ಆದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ, ತಿಳಿಯದ ಪ್ರಶ್ನೆಯನ್ನು ಖಾಲಿ ಬಿಡುವವನು ಅಲ್ಲಿ ದಡ್ಡ. ಪರೀಕ್ಷೆಗೆ ಇದು ಸಲ್ಲಬಹುದು. ಶಾಸನದ ಓದಿಗೆ ಸಲ್ಲದು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸವೆದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳಿವೆ. ಸಂಪಾದಕರು ಆಟ ಬಿಟ್ಟೆದ್ದ ಸ್ಥಳಗಳವು. ಈಚೆಗೆ ನಾನು ಓದುವ ಪ್ರಬಂಧಗಳಲ್ಲಿ ಅಂಥ ಚುಕ್ಕೆಗಳು ಅಕ್ಷರಗಳಾಗಿ ತುಂಬಿಕೊಂಡಿರುತ್ತವೆ. ಆಧಾರ ಕೇಳಿದರೆ, “ಸಾರ್, ಇನ್ನೇನು ಇರಲು ಸಾಧ್ಯ?” ಎಂದು ನನ್ನನ್ನೇ ಕೇಳುತ್ತಾರೆ.