ಇದೂ ಗಿಡಮೂಲಿಕೆಯೇ

ನಮ್ಮ ಕಡೆಯ ಹೆಣ್ಣುಮಕ್ಕಳು ಔಷಧಗಳನ್ನು ಎರಡೇ ಗುಂಪು ಮಾಡಿಬಿಟ್ಟಿದ್ದೇವೆ. ಒಂದು ಇಂಗ್ಲಿಷ್ ಔಷಧ, ಇನ್ನೊಂದು ಗಿಡಮೂಲಿಕೆ. ಮೊದಲನೆಯದು ಉಷ್ಣ, ಎರಡನೆಯದು ತಂಪು. ಮೊದಲನೆಯದಕ್ಕೆ ಸೈಡ್ ಇಫೆಕ್ಟ್ ಉಂಟು, ಎರಡನೆಯದಕ್ಕೆ ಇಲ್ಲವೇ ಇಲ್ಲ. ಅಜವಾನ, ಹಿಪ್ಪಲಿ, ಜೇಷ್ಠಮಧುವಿನ ಡಬ್ಬಿ ಮುಂದಿಟ್ಟುಕೊಂಡು ಬೆಳೆದ ನಮಗೆ ಈ ನಂಬಿಕೆ ತಾಯಿಯ ಹಾಲಿನೊಂದಿಗೇ ಬಂದದ್ದು. ಕೆಮ್ಮು ನೆಗಡಿಯ ಮಟ್ಟಿಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ದೊಡ್ಡ ರೋಗ ಹೊಸ್ತಿಲು ದಾಟಿ ಒಳಗೆ ಬಂದಾಗ ಮಾತ್ರ ಅದು ಜೀವದ ಪ್ರಶ್ನೆಯಾಗುತ್ತದೆ.

ನಮ್ಮ ಮನೆಯಲ್ಲಿ ಅದು ಬಂದದ್ದು ಅಕ್ಕನಿಗೆ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಶನ್ ಆಗುವ ಹೊತ್ತಿಗೆ ಲಿವರಿಗೂ ಹಬ್ಬಿತ್ತು. ಎರಡು ವಾರಕ್ಕೊಮ್ಮೆ ಧಾರವಾಡದಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕೆಮೊ ಕೊಡಿಸುತ್ತಿದ್ದೆವು. ಮೊಣಕಾಲು ಮುಟ್ಟುವ ಹೆರಳಿನ ಅಕ್ಕನ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ಭೇದಿಯಂತೂ ಅವಳನ್ನು ಹಿಂಡಿಹಾಕಿತು.

ನೋಡಲು ಬಂದ ಚಿಗವ್ವ ಕಣ್ಣೀರು ಹಾಕಿದಳು. “ಈ ಇಂಗ್ಲಿಷ್ ಔಷಧ ಮೈಯೆಲ್ಲಾ ಸುಟ್ಟ ಬಿಡತೈತಿ. ಒಬ್ಬರು ಬೇರಿನ ಔಷಧ ಕೊಡ್ತಾರ, ಅಲ್ಲಿಗೆ ಹೋಗೂಣ. ಗಿಡಮೂಲಿಕಿ, ಏನೂ ಆಗೂದಿಲ್ಲ. ಆದ್ರ ಕೆಮೊ ಬಿಡಬೇಕಂತ ನೋಡವ್ವ.”

ಅಕ್ಕ ನನ್ನ ಕಡೆ ತಿರುಗಿದಳು. “ನೀ ಸಾಲಿ ಕಲಿಸಾಕಿ. ನೀನ ಹೇಳ, ಯಾವುದು ಮಾಡ್ಲಿ?”

ನಾನು ಕಲಿಸುವುದು ಕನ್ನಡ ಮತ್ತು ಇತಿಹಾಸ. ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರರನ್ನೇ ಕೇಳಿದೆ. ಆ ಹೆಣ್ಣುಮಗಳು ನಕ್ಕು, ಸಲಾಯಿನ್ ಬಾಟಲಿಗೆ ಸೇರಿಸಿದ್ದ ಔಷಧದ ಹೆಸರು ತೋರಿಸಿದರು: ಇರಿನೋಟೆಕಾನ್. “ಟೀಚರ್, ಇದೂ ಗಿಡಮೂಲಿಕೇನ ರೀ. ಶಿರಸಿ ಕಡೆ ಕಾಡಿನಾಗೂ ಈ ಔಷಧದ ಮರ ಐತಿ.”

ಆ ಮಾತಿನ ಬೆನ್ನು ಹತ್ತಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕಾಡಿದೆ, ಸಿಕ್ಕದ್ದನ್ನು ಓದಿದೆ. ಆ ಮರಕ್ಕೆ ಕನ್ನಡದಲ್ಲಿ ದುರ್ವಾಸನೆ ಮರ ಎಂದೇ ಹೆಸರು. ಹೂ ಬಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಇದರೊಳಗಿನ ಕ್ಯಾಂಪ್ಟೊಥೆಸಿನ್ ಎಂಬ ಅಂಶ ಮೊದಲು ಸಿಕ್ಕಿದ್ದು ಚೀನಾದ ಬೇರೊಂದು ಮರದಲ್ಲಿ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ನಮ್ಮ ನೆರೆಯ ಮಹಾರಾಷ್ಟ್ರದ ನಂದೂರಬಾರದಲ್ಲಿ ಹುಟ್ಟಿದ ಮನಸುಖ್ ವಾಣಿ ಅದನ್ನು ಬೇರ್ಪಡಿಸಿ ಪ್ರಕಟಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ವಿಜ್ಞಾನಿಗಳು ಅದೇ ಅಂಶ ನಮ್ಮ ದುರ್ವಾಸನೆ ಮರದಲ್ಲೂ ಇದೆಯೆಂದು ತೋರಿಸಿಕೊಟ್ಟರು.

ಸಿಕ್ಕಿತು ಎಂದಾಕ್ಷಣ ಔಷಧವಾಗಲಿಲ್ಲ, ಗಮನಿಸಿ. ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗುವಂತೆ ಮಾಡಿ ರೋಗಿಗಳಿಗೆ ಕೊಟ್ಟರೆ ಮೂತ್ರಕೋಶದಿಂದ ರಕ್ತ ಬಂತು. 1970ರ ದಶಕದಲ್ಲಿ ಆ ಪ್ರಯೋಗಗಳನ್ನೇ ನಿಲ್ಲಿಸಿದರು. ಅದು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿದದ್ದು 1985ರಲ್ಲಿ. ಜೀವಕೋಶ ಎರಡಾಗುವಾಗ ಅದರೊಳಗಿನ ವಂಶತಂತು ಬಿಗಿಯಾಗಿ ಹೆಣೆದ ಹೆರಳಿನಂತೆ ಸಿಕ್ಕಾಗುತ್ತದೆ. ಸಿಕ್ಕು ಬಿಡಿಸಲು ಒಂದು ಕಿಣ್ವ ಒಂದು ಎಳೆ ಕತ್ತರಿಸಿ ಮತ್ತೆ ಜೋಡಿಸುತ್ತದೆ. ಈ ಔಷಧ ಕತ್ತರಿಸಿದ ಜಾಗದಲ್ಲಿ ಸಿಕ್ಕಿಕೊಂಡು ಜೋಡಣೆ ಆಗಗೊಡುವುದಿಲ್ಲ, ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶದಂತೆ ಕೂದಲ ಬುಡದ, ಕರುಳಿನ ಒಳಪದರದ ಕೋಶಗಳೂ ಬೇಗ ಬೇಗ ಎರಡಾಗುತ್ತವೆ. ಅಕ್ಕನ ಕೂದಲು ಉದುರಿದ್ದೇಕೆಂದು ಆಗ ಅರ್ಥವಾಯಿತು. ಮೂಲ ಅಂಶವನ್ನು ಒಂದಿಷ್ಟು ಬದಲಿಸಿ ಇರಿನೋಟೆಕಾನ್ ಮಾಡಿದವರು ಜಪಾನಿನ ಯಾಕುಲ್ಟ್ ಕಂಪನಿಯವರು. ಅಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಮರದಿಂದ ಬಾಟಲಿಗೆ ಬರಲು ಮೂವತ್ತು ವರ್ಷ!

ಇದನ್ನೆಲ್ಲ ಚಿಗವ್ವನಿಗೆ ಹೇಳಿದಾಗ ಅವಳು ಬಿಡಲಿಲ್ಲ. “ಹಂಗಾರ ಎರಡೂ ಗಿಡದ್ದ ಆತಲ್ಲ. ಎರಡೂ ಕುಡಿಸೂಣ, ಕೂಡೇ ಕೆಲಸ ಮಾಡಲಿ.” ಸರಳ ಲೆಕ್ಕ, ಆದರೆ ದೇಹದ ಲೆಕ್ಕ ಹಾಗಿಲ್ಲ. ಪರದೇಶದಲ್ಲಿ ಮನಸ್ಸಿನ ಬೇಸರಕ್ಕೆಂದು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಜನ ತಾವೇ ಕೊಂಡು ತಿನ್ನುತ್ತಾರೆ. ಇರಿನೋಟೆಕಾನ್ ಪಡೆಯುವ ಐದು ಮಂದಿ ರೋಗಿಗಳಿಗೆ ಅದನ್ನೂ ಕೊಟ್ಟು ನೆದರ್ಲೆಂಡ್ಸ್ ದೇಶದ ವೈದ್ಯರು ರಕ್ತ ಪರೀಕ್ಷಿಸಿದರು. ಕ್ಯಾನ್ಸರಿನೊಡನೆ ಹೋರಾಡುವ ಅಂಶ ಶೇಕಡಾ 42ರಷ್ಟು ಇಳಿದಿತ್ತು. ಇದು 2002ರಲ್ಲಿ ಪ್ರಕಟವಾದ ಮಾತು. ಒಂದು ಮೂಲಿಕೆ ಇನ್ನೊಂದು ಮೂಲಿಕೆಯ ಕೈ ಕಟ್ಟಿಹಾಕಿತ್ತು! ಚಿಗವ್ವ ಹೇಳಿದ ಬೇರಿನಲ್ಲಿ ಏನಿತ್ತೋ, ಕೊಡುವವರೂ ಹೇಳಲಿಲ್ಲ.

ಅಕ್ಕ ಕೆಮೊ ಬಿಡಲಿಲ್ಲ. ಅದು ಪವಾಡವನ್ನೇನೂ ಮಾಡಲಿಲ್ಲ. ಆದರೆ ಎರಡು ವರ್ಷಕ್ಕೂ ಮಿಕ್ಕಿ ದಿನಗಳನ್ನು ಕೊಟ್ಟಿತು. ಆ ದಿನಗಳಲ್ಲಿ ಅವಳು ಮಗಳ ಮದುವೆ ಮಾಡಿದಳು, ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಎರೆದಳು. ನಮ್ಮ ಮನೆಯವರಿಗೆ ಅದು ಸಣ್ಣ ಲಾಭವಲ್ಲ.

ಇನ್ನು ಆ ಮರದ ಕಥೆ. ಯಾರೂ ಮೂಸದಿದ್ದ ಮರಕ್ಕೆ ಬೆಲೆ ಬಂದದ್ದೇ ಅದರ ಕೇಡಾಯಿತು. ಒಂದು ಕಿಲೋ ಒಣ ತೊಗಟೆಯಲ್ಲಿ ಸಿಕ್ಕುವುದು ಕೆಲವೇ ಗ್ರಾಂ. ಹೀಗಾಗಿ ಘಟ್ಟದ ಕಾಡಿನಲ್ಲಿ ಬುಡಸಮೇತ ಕಡಿದು ಟನ್‌ಗಟ್ಟಲೆ ಪರದೇಶಕ್ಕೆ ಸಾಗಿಸಿದರು. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಕಾಲೇಜು ಮತ್ತು ಬೆಂಗಳೂರಿನ ಸಂಶೋಧಕರು, ಯಾವ ಊರಿನ ಮರಗಳಲ್ಲಿ ಈ ಅಂಶ ಹೆಚ್ಚೆಂದು ಹುಡುಕಿದ್ದಾರೆ. ಅಂಥವನ್ನು ಬೆಳೆಸಿದರೆ ಕಾಡಿನವು ಉಳಿದಾವೆಂಬ ಆಸೆ. ಅಕ್ಕನಿಗೆ ಈ ಸಂಗತಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಬಾಟಲಿಗೆ ಎಷ್ಟ ಮರ ಹೋದವೋ ಏನೋ” ಎಂದಿದ್ದಳು.

ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟೇ. ಔಷಧ ಗಿಡದ್ದೋ ಕಂಪನಿಯದ್ದೋ ಎಂದು ಕೇಳಬೇಡಿ. ಅದರಲ್ಲಿ ಏನಿದೆ, ಎಷ್ಟಿದೆ, ಯಾರು ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿರಿ. ಮನೆಯಲ್ಲಿ ಕುಡಿಯುವ ಕಷಾಯವನ್ನು ಡಾಕ್ಟರರ ಮುಂದೆ ಮುಚ್ಚಿಡಬೇಡಿ. ಅವರು ಬೈದರೂ ಬೈಸಿಕೊಳ್ಳಿ. ಗಿಡಕ್ಕೆ ಗುಣವೂ ಇದೆ, ವಿಷವೂ ಇದೆ. ಎರಡನ್ನೂ ಬೇರ್ಪಡಿಸುವ ಕೆಲಸಕ್ಕೆ ಮಾತ್ರ ಬಹಳ ವರ್ಷ, ಬಹಳ ಜನ ಬೇಕು.