ರಾಯರ ತಂತಿ ಪುರಾಣ

ಹುಚ್ಚು ಯಾರಿಗೆ ಯಾವ ವಯಸ್ಸಿನಲ್ಲಿ ಹಿಡಿಯುತ್ತದೆಂದು ಹೇಳಲು ಬರುವುದಿಲ್ಲ. ಕೆಲವರಿಗೆ ಅದು ಕ್ರೋಟನ್ ಗಿಡದ ರೂಪದಲ್ಲಿ ಬರುತ್ತದೆ, ಕೆಲವರಿಗೆ ಹಳೆಯ ನಾಣ್ಯದ ರೂಪದಲ್ಲಿ. ಸಾಗರದ ರಾಯರಿಗೆ ನಿವೃತ್ತಿಯಾದ ಎರಡನೆಯ ವರ್ಷ ಅದು ತಂತಿಯ ರೂಪದಲ್ಲಿ ಬಂತು.

ಹಾಗೆಂದು ಕಾರಣವಿಲ್ಲದೆ ಬಂದದ್ದಲ್ಲ. ರಾಯರ ಬಳಿ ಒಂದು ಕ್ಯಾಸೆಟ್ ಇದೆ. 1984ರಲ್ಲಿ ಹಳ್ಳಿಯ ಮನೆಯ ಜಗುಲಿಯಲ್ಲಿ, ಎರವಲು ತಂದ ಟೇಪ್ ರೆಕಾರ್ಡರಿನ ಮುಂದೆ ಕೂತು ಅವರ ತಾಯಿ ಹಾಡಿದ ಏಳು ದೇವರನಾಮಗಳು ಅದರಲ್ಲಿವೆ. ತಾಯಿ ಈಗಿಲ್ಲ. ಆ ದನಿಯನ್ನು ನೆಮ್ಮದಿಯಾಗಿ ಕೇಳಬೇಕೆಂದು ರಾಯರು ನಿವೃತ್ತಿಯ ಹಣದಲ್ಲಿ ಒಂದು ಹಳೆಯ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎರಡು ದೊಡ್ಡ ಸ್ಪೀಕರ್ ಕೊಂಡರು. ಟಿ.ವಿ.ಯಲ್ಲಿ ಬರುವ ಕಛೇರಿಯನ್ನೂ ಅದರಲ್ಲೇ ಕೇಳಬಹುದಲ್ಲ ಎಂದು ಟಿ.ವಿ.ಯಿಂದಲೂ ಒಂದು ತಂತಿ ಎಳೆದರು. ಶುಭ ಮುಹೂರ್ತ ನೋಡಿ ಗುಂಡಿ ಒತ್ತಿದರೆ, ತಾಯಿಯ ದನಿಗಿಂತ ಮೊದಲು 'ಗುಂಯ್' ಎಂದು ದುಂಬಿಯ ದನಿ ಬಂತು!

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ರೋಗ ಪತ್ತೆ ಮಾಡಿದ. "ಮಾವ, ವೈರು ಒಳ್ಳೇದು ಹಾಕಿ. ಸಿಸ್ಟಮ್ಮಿಗೆ ಅದೇ ಜೀವ" ಎಂದ. ಸರಿ, ಬೆಳ್ಳಿಯ ಲೇಪದ ಸ್ಪೀಕರ್ ತಂತಿ ಬಂತು, ಕೇರೆ ಹಾವಿನಷ್ಟು ದಪ್ಪ. ಬೆಲೆ ಆರು ಸಾವಿರ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕವೇನೋ ನಿಜ. ಆದರೆ ನೂರಕ್ಕೆ ಆರರಷ್ಟು ಮಾತ್ರ. ಮೂರು ಮೀಟರ್ ದೂರದ ಸ್ಪೀಕರಿಗೆ 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ತಂತಿ ಎಳೆದರೆ, ಹೋಗಿಬರುವ ಆರು ಮೀಟರಿಗೆ ಅದು ಒಡ್ಡುವ ತಡೆ ಸುಮಾರು 0.04 ಓಮ್. ಸ್ಪೀಕರಿನದೇ ತಡೆ 8 ಓಮ್. ಇನ್ನೂರರಲ್ಲಿ ಒಂದು ಪಾಲನ್ನು ಇನ್ನಷ್ಟು ಇಳಿಸಲು ಆರು ಸಾವಿರ! ದುಂಬಿ ಕದಲಲಿಲ್ಲ.

ಆಮೇಲೆ ಚಿನ್ನದ ಲೇಪದ ಪಿನ್ನುಗಳು ಬಂದವು. ಚಿನ್ನ ತಾಮ್ರದಷ್ಟು ಒಳ್ಳೆಯ ವಾಹಕವೂ ಅಲ್ಲ. ಅದರ ದೊಡ್ಡ ಗುಣವೆಂದರೆ ಕಿಲುಬು ಹಿಡಿಯದಿರುವುದು. ಮಲೆನಾಡಿನ ಥಂಡಿಗೆ ಅದು ಒಳ್ಳೆಯದೇ ಅನ್ನಿ; ಆದರೆ ಗುಂಯ್‌ಗುಡುವಿಕೆಗೂ ಕಿಲುಬಿಗೂ ಇಲ್ಲಿ ಸಂಬಂಧವಿರಲಿಲ್ಲ. ಕೊನೆಗೆ 'ವಿದ್ಯುತ್ತನ್ನು ಶುದ್ಧಗೊಳಿಸುವ' ಕರೆಂಟಿನ ತಂತಿಯೇ ಬಂತು. ಶರಾವತಿ ಕಣಿವೆಯದೋ ಇನ್ನೆಲ್ಲಿಯದೋ ವಿದ್ಯುತ್ತು, ಕಂಬದಿಂದ ಕಂಬಕ್ಕೆ ಅಲ್ಯೂಮಿನಿಯಂ ತಂತಿಯಲ್ಲಿ ಕಾಡುಮೇಡು ಅಲೆದು ಬರುತ್ತದೆ. ಕೊನೆಯ ಒಂದೂವರೆ ಮೀಟರಿನಲ್ಲಿ ಅದಕ್ಕೆ ರೇಷ್ಮೆಯ ಹಾಸು ಹಾಸಿದರೆ ಅದು ಮಡಿಯಾದೀತೆ?

"ಏನೂಂದ್ರೆ, ಈ ದುಡ್ಡಲ್ಲಿ ಸೋರೋ ಮಾಡಿನ ಹಂಚಾದರೂ ಬದಲಾಯಿಸಬಹುದಿತ್ತು" ಎಂದರು ಶ್ರೀಮತಿ.

"ನಿನಗೆ ಇದೆಲ್ಲ ತಿಳಿಯೋದಿಲ್ಲ ಬಿಡು" ಎಂದರು ರಾಯರು.

ಅಷ್ಟರಲ್ಲಿ ರೇಡಿಯೋ ರಿಪೇರಿ ಬಲ್ಲ ಹುಡುಗನೊಬ್ಬ ಬಂದ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ ಬಿಚ್ಚಿ, ಹಸಿರು ತಂತಿಯನ್ನು ಕಟ್ ಎಂದು ಕತ್ತರಿಸಿದ. ಐದು ನಿಮಿಷದ ಕೆಲಸ. ದುಂಬಿ ಮಾಯ! ರಾಯರು ಅವನಿಗೆ ಇನ್ನೂರು ರೂಪಾಯಿ ಕೊಟ್ಟು ಮೇಲೆ ಕಾಫಿಯನ್ನೂ ಕುಡಿಸಿ ಕಳಿಸಿದರು.

ಜೂನ್ ತಿಂಗಳ ಮೊದಲ ಮಳೆ. ಹಿಂದಿನ ರಾತ್ರಿ ಗುಡುಗಿಗೆ ಹೆದರಿ ರಾಯರು ಟಿ.ವಿ.ಯ ಹಿಂದಿನಿಂದ ಕೇಬಲ್ ಬಿಚ್ಚಿಟ್ಟಿದ್ದರು. ಬೆಳಿಗ್ಗೆ ಅದನ್ನು ಸಿಕ್ಕಿಸದೆಯೇ ಕ್ಯಾಸೆಟ್ ಹಾಕಿ ಕೂತರು. ಥಂಡಿಗೆ ಬೆವೆತಂತಿದ್ದ ಕೆಂಪು ಗಾರೆಯ ನೆಲದ ಮೇಲೆ ಶ್ರೀಮತಿಯವರು ಬರಿಗಾಲಲ್ಲಿ ನಿಂತು, ಒದ್ದೆ ಬಟ್ಟೆಯಿಂದ ಆಂಪ್ಲಿಫೈಯರಿನ ಧೂಳು ಒರೆಸಲು ಕೈಯಿಟ್ಟರು. ಒಂದು ಕೂಗು. ರಾಯರು ತಿರುಗಿ ನೋಡುವಷ್ಟರಲ್ಲಿ ಅವರು ಗೋಡೆಗೆ ಒರಗಿ ಕುಸಿದಿದ್ದರು. ಸ್ಪೀಕರಿನಲ್ಲಿ ತಾಯಿ ಹಾಡುತ್ತಲೇ ಇದ್ದರು.

ದೇವರು ದೊಡ್ಡವನು, ಕೈ ತಾನಾಗಿ ಕಿತ್ತುಬಂದಿತ್ತು. ಮೊಣಕೈಯವರೆಗೆ ಜೋಮು ಹಿಡಿದು, ಎರಡು ದಿನ ಲೋಟ ಹಿಡಿದರೆ ಬೆರಳು ನಡುಗುತ್ತಿತ್ತು. ಶ್ರೀಮತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಹಳೆಯ ಎಲೆಕ್ಟ್ರಿಷಿಯನ್ನನ್ನು ಕರೆಸಲಾಯಿತು. ಪ್ಲಗ್ ಬಿಚ್ಚಿದವರೇ ಅವರು ಹಣೆ ಚಚ್ಚಿಕೊಂಡರು. "ರಾಯರೇ, ಈ ಹಸಿರು ತಂತಿ ಹಾಡಿಗಲ್ಲ, ಜೀವಕ್ಕೆ. ಹಳೇ ಪೆಟ್ಟಿಗೆ, ಥಂಡಿಗೆ ಒಳಗೆ ಕರೆಂಟ್ ಸೋರ್ತಾ ಇದೆ. ಸೋರಿದ್ದು ಹರಿದುಹೋಗೋಕೆ ಇದು ಚರಂಡಿ. ಚರಂಡಿ ಮುಚ್ಚಿದ್ರಿ, ಗುಟ್ಟಾಗಿ ಟಿ.ವಿ. ಕೇಬಲ್ಲಿನ ದಾರೀಲಿ ಹರೀತಿತ್ತು. ಅದನ್ನೂ ಬಿಚ್ಚಿದ್ರಿ. ಉಳಿದಿದ್ದು ಅಮ್ಮನವರ ಮೈಯೊಂದೇ." ಪ್ಲಗ್ಗಿನ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವಿರುವುದೇಕೆಂದು ಯೋಚಿಸಿದ್ದೀರಾ? ವಿದ್ಯುತ್ತಿಗಿಂತ ಮೊದಲು ಅರ್ಥ್ ಕೂಡಲಿ, ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು.

ಪೆಟ್ಟಿಗೆಯ ಸೋರಿಕೆ ರಿಪೇರಿಯಾಯಿತು. ಹಸಿರು ತಂತಿ ಮತ್ತೆ ಕೂಡಿತು. ಮೀಟರ್ ಬೋರ್ಡಿನಲ್ಲಿ, 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಸ್ವಿಚ್ಚೂ ಬಂತು. ಕೇಬಲ್ ಸಿಕ್ಕಿಸಿದೊಡನೆ ದುಂಬಿಯೂ ಮರಳಿತು!

ಎಲೆಕ್ಟ್ರಿಷಿಯನ್ ಕ್ಯಾಸೆಟ್ ನಿಲ್ಲಿಸಿದರು, ಗುಂಯ್ ನಿಲ್ಲಲಿಲ್ಲ. ಟಿ.ವಿ.ಗೆ ಬರುವ ಕೇಬಲ್ ಕಿತ್ತರು, ಥಟ್ಟನೆ ಮೌನ. ಬೀದಿಯ ಕೇಬಲ್ಲಿಗೆ ಅರ್ಥ್ ಇದ್ದದ್ದು ಹೊರಗೆಲ್ಲೋ, ಆಂಪ್ಲಿಫೈಯರಿಗೆ ಇದ್ದದ್ದು ಹಿತ್ತಲಿನ ಗುಂಡಿಯಲ್ಲಿ. ಎರಡು ಬಾವಿಗಳ ನೀರಿನ ಮಟ್ಟ ಬೇರೆ ಬೇರೆ ಇದ್ದು ನಡುವೆ ಕೊಳವೆ ಹಾಕಿದರೆ ನೀರು ಹರಿಯುತ್ತದಲ್ಲ, ಹಾಗೆ ಎರಡು ಅರ್ಥ್‌ಗಳ ನಡುವೆ ರಾಯರು ಎಳೆದ ತಂತಿಯಲ್ಲಿ 50 ಹರ್ಟ್ಜ್ ವಿದ್ಯುತ್ತು ಹರಿಯುತ್ತಿತ್ತು. ಟಿ.ವಿ.ಗೂ ಆಂಪ್ಲಿಫೈಯರಿಗೂ ನಡುವಣ ಆ ತಂತಿಯೊಂದನ್ನು ತೆಗೆದರೆ ಮುಗಿಯಿತು. ವೆಚ್ಚ ಸೊನ್ನೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಆ ಸಂಜೆ ರಾಯರು ಕ್ಯಾಸೆಟ್ ಹಾಕಿದರು. ತಾಯಿಯ ದನಿಯ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ, ಇನ್ನೂ ಒಂದು ಗುಂಯ್ ಇತ್ತು. ನಿಲ್ಲಿಸಿದರು, ಅದೂ ನಿಂತಿತು. ಅಂದರೆ ಇದು ಇಂದಿನದಲ್ಲ, ಜಗುಲಿಯ ಅಂದಿನ ಕರೆಂಟು ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಆ ಟೇಪಿನ ಮೇಲೆಯೇ ಬರೆದುಹೋದದ್ದು. ಯಾವ ಬೆಳ್ಳಿ ತಂತಿಯೂ ಅದನ್ನು ಅಳಿಸಲಾರದು. ರಾಯರು ಮತ್ತೆ ಗುಂಡಿ ಒತ್ತಿದರು.

ಶ್ರೀಮತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಪೆಟ್ಟಿಗೆಯಿಂದ ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತು ಕೇಳಿ ನಕ್ಕರು.

"ಅತ್ತೆಯವರು ಈ ಹಾಡಿನ ಮೂರನೇ ನುಡಿ ಯಾವಾಗಲೂ ಬಿಟ್ಟೇ ಹಾಡ್ತಿದ್ದರು. ಇಲ್ಲೂ ಬಿಟ್ಟಿದಾರೆ ನೋಡಿ."

ಇಷ್ಟು ತಿಂಗಳು ಕಿವಿಯನ್ನೆಲ್ಲ ದುಂಬಿಗೆ ಕೊಟ್ಟು ಕೂತಿದ್ದ ರಾಯರಿಗೆ ಅದು ಗೊತ್ತೇ ಇರಲಿಲ್ಲ. "ಹೌದಾ? ಆ ನುಡಿ ನಿನಗೆ ಬರುತ್ತಾ?" ಎಂದು ಕೇಳಿದರು.