ದಾರಿಯಿಲ್ಲದೆಡೆ ಒಂದು ದಿನ

ಬೆಟ್ಟವನ್ನು ಹತ್ತುವವನು ಮೊದಲು ಶ್ರಮಪಟ್ಟು ಆಮೇಲೆ ಸುಖವಾಗಿ ಇಳಿಯುತ್ತಾನೆ. ಕಂದರಕ್ಕೆ ಇಳಿಯುವವನ ಪಾಡು ಇದಕ್ಕೆ ವಿಪರೀತವಾದದ್ದು. ಬೆಳಗಿನ ತಂಪಿನಲ್ಲಿ, ಹೊಸ ಕಸುವಿನಲ್ಲಿ ನಗುನಗುತ್ತ ಇಳಿದುಬಿಡುತ್ತಾನೆ. ಬಿಸಿಲೇರಿ, ಕಾಲು ಸೋತು, ನೀರು ತೀರುತ್ತ ಬಂದ ಹೊತ್ತಿಗೆ ಹತ್ತುವ ಕೆಲಸವು ಅವನಿಗಾಗಿ ಕಾದಿರುತ್ತದೆ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ಮಧುಗಿರಿಯ ಏಕಶಿಲೆಯ ಬೆಟ್ಟಕ್ಕೆ ಹುಡುಗರನ್ನು ಎಷ್ಟೋ ಸಲ ಕರೆದುಕೊಂಡು ಹೋಗಿ, ಒಬ್ಬನ ಮಂಡಿಯೂ ತರಚದಂತೆ ಕರೆತಂದವನು. ಆದರೂ ಈ ಸಣ್ಣ ಸಂಗತಿ ನನ್ನ ತಲೆಗೆ ಹತ್ತಿದ್ದು ಅರುವತ್ತನೆಯ ವಯಸ್ಸಿನಲ್ಲಿ, ಅಮೆರಿಕಾ ದೇಶದ ಅರಿಜೋನಾ ಸಂಸ್ಥಾನದಲ್ಲಿ. ಹತ್ತಿದ ಬಗೆಯನ್ನು ವಾಚಕರಲ್ಲಿ ಅರಿಕೆಮಾಡುತ್ತೇನೆ.

ನನ್ನ ಮಗನು ಆ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಬೇಸಗೆಯಲ್ಲಿ ನಾನೂ ನನ್ನ ಮನೆಯವರೂ ಅವನಲ್ಲಿಗೆ ಹೋಗಿದ್ದೆವು. ಅಲ್ಲಿಂದ ಉತ್ತರಕ್ಕೆ ಮೋಟಾರಿನಲ್ಲಿ ನಾಲ್ಕು ಗಂಟೆ ಪ್ರಯಾಣಮಾಡಿದರೆ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ದಕ್ಷಿಣದ ಅಂಚು ಸಿಕ್ಕುತ್ತದೆ. ಕಡೆಯ ಹಲವು ಮೈಲಿ ದಾರಿಯು ದೇವದಾರುವಿನ ಜಾತಿಯ ಮರಗಳ ನಡುವೆ ಸಮತಟ್ಟಾಗಿ ಸಾಗುವುದರಿಂದ ಮುಂದೆ ಇಂಥದೊಂದು ಇದೆಯೆಂಬ ಸುಳಿವೇ ಇರುವುದಿಲ್ಲ. ಇದ್ದಕ್ಕಿದ್ದಂತೆ ಭೂಮಿಯು ಮುಗಿದುಹೋಗುತ್ತದೆ. ಕೊಲೊರಾಡೊ ನದಿಯು ಕೊರೆದ ಈ ಕಂದರದ ಉದ್ದವು ನದಿಯ ಹಾದಿಯಲ್ಲಿ 277 ಮೈಲಿ. ಅಗಲವು ಕೆಲವೆಡೆ 18 ಮೈಲಿ. ಆಳವು ಹೆಚ್ಚು ಕಡಮೆ ಒಂದು ಮೈಲಿ. ಅಂಚಿನ ಮೇಲೆ ಕಾಡು, ತಳದಲ್ಲಿ ಶುದ್ಧ ಮರುಭೂಮಿ.

ಇಲ್ಲಿ ಕಣ್ಣು ಮೋಸಹೋಗುತ್ತದೆ. 1540ರಲ್ಲಿ ಸ್ಪೇನ್ ದೇಶದ ಕಾರ್ಡೆನಾಸ್ ಎಂಬ ದಳಪತಿಯನ್ನು ಹೋಪಿ ಜನರು ಈ ಅಂಚಿಗೆ ಕರೆತಂದರು. ನದಿಗೆ ಇಳಿಯಲು ಆತನ ಮೂವರು ಆಳುಗಳು ಹೊರಟು, ಮೂರನೆಯ ಒಂದು ಪಾಲು ಮಾತ್ರ ಇಳಿದು, ಸಂಜೆಗೆ ಹಿಂತಿರುಗಿದರು. ಮೇಲಿನಿಂದ ಆಳೆತ್ತರವಾಗಿ ಕಂಡ ಬಂಡೆಗಳು ಹತ್ತಿರ ಹೋದರೆ ಸೆವಿಲ್ ನಗರದ ದೊಡ್ಡ ಗೋಪುರಕ್ಕಿಂತ ಎತ್ತರವಾಗಿದ್ದುವೆಂದು ಅವರು ವರದಿಮಾಡಿದರು. ಕರೆತಂದ ಹೋಪಿಗಳ ಪೂರ್ವಿಕರಾದರೋ ಈ ಕಂದರದಲ್ಲಿ ಎಷ್ಟೋ ಶತಮಾನಗಳಿಂದ ಓಡಾಡಿದವರು. ಅವರಿಗೆ ದಾರಿ ಗೊತ್ತಿಲ್ಲದೆ ಇತ್ತೆಂದು ನಾನು ನಂಬಲಾರೆ. ಬಂದೂಕು ಹಿಡಿದು ಬಂದವರಿಗೆ ಹೇಳುವುದು ಬೇಡವೆಂದಿದ್ದಿರಬೇಕು.

ಸಂಸ್ಕೃತ ಓದಿದವನಿಗೆ ಇಲ್ಲಿ ಇನ್ನೊಂದು ಆಶ್ಚರ್ಯವಿದೆ. ಕಂದರದ ನಡುವೆ ಎದ್ದು ನಿಂತಿರುವ ಶಿಖರಗಳಿಗೆ ವಿಷ್ಣುದೇಗುಲ, ಶಿವದೇಗುಲ, ಬ್ರಹ್ಮದೇಗುಲ, ರಾಮಗುಡಿ, ಕೃಷ್ಣಗುಡಿ ಎಂಬ ಅರ್ಥದ ಹೆಸರುಗಳಿವೆ. ಈ ಪರಿಪಾಟಿಯನ್ನು ಹಾಕಿದವನು ಡಟನ್ ಎಂಬ ಸೇನಾಧಿಕಾರಿ; ಭೂವಿಜ್ಞಾನಿಯಾದ ಆತನ ಗ್ರಂಥವು 1882ರಲ್ಲಿ ಪ್ರಕಟವಾಯಿತು. ಆತನ ಕಣ್ಣಿಗೆ ಆ ಶಿಖರಗಳು ಪೂರ್ವದೇಶದ ಗೋಪುರಗಳಂತೆ ಕಂಡುವಂತೆ. ತಳದಲ್ಲಿರುವ, ಸುಮಾರು 170 ಕೋಟಿ ವರ್ಷ ವಯಸ್ಸಿನ ಕಪ್ಪು ಶಿಲೆಗೂ ವಿಷ್ಣುವಿನ ಹೆಸರೇ. ಓದಿದಾಗ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಅಲ್ಲೇ ಹುಟ್ಟಿ ಬೆಳೆದ ಹವಾಸುಪಾಯಿ, ಹುವಾಲಪಾಯಿ ಜನರು ಇಟ್ಟ ಹೆಸರುಗಳು ಮೊದಲೇ ಇದ್ದುವು. ಅವನ್ನು ಯಾರೂ ಕೇಳಲಿಲ್ಲ.

ಈ ಕಂದರಕ್ಕೆ ಇಳಿಯಲು ಸರ್ಕಾರದವರು ಕಾಪಾಡುವ ಒಳ್ಳೆಯ ಕಾಲುದಾರಿಗಳು ಕೆಲವು ಉಂಟು. ಪ್ರವಾಸಿಗರೆಲ್ಲ ಅವುಗಳಲ್ಲಿಯೇ ಹೋಗುವರು. ಆದರೆ ಅವುಗಳನ್ನು ಬಿಟ್ಟು, ದಾರಿಯೇ ಇಲ್ಲದ ಕಡೆ ದಾರಿಯನ್ನು ಹುಡುಕುವ ವ್ಯಸನವುಳ್ಳವರು ಒಂದಷ್ಟು ಜನರಿದ್ದಾರೆ. ಅವರ ಕಷ್ಟವು ತಿಳಿಯಬೇಕಾದರೆ ಕಂದರದ ಕಟ್ಟಡವನ್ನು ಸ್ವಲ್ಪ ತಿಳಿಯಬೇಕು. ಅದನ್ನು ರಾಕ್ಷಸರ ಸೋಪಾನವೆಂದು ಭಾವಿಸಿರಿ. ಒಂದು ಪದರ ಮೆತುವಾದ ಕಲ್ಲು, ಅದು ಸವೆದು ಇಳಿಜಾರಾಗಿರುತ್ತದೆ. ಅದರ ಕೆಳಗಿನದು ಗಟ್ಟಿ ಕಲ್ಲು, ಗೋಡೆಯಾಗಿ ನಿಂತಿರುತ್ತದೆ. ಎಲ್ಲಕ್ಕೂ ಮೇಲೆ ಕೈಬಾಬ್ ಎಂಬ ಸುಣ್ಣಕಲ್ಲಿನ ಪದರ; ಇನ್ನೂ ಕೆಳಗೆ ಕೊಕೊನಿನೊ ಎಂಬ ಬಿಳುಪಾದ ಮರಳುಗಲ್ಲಿನ ಗೋಡೆ; ಆಮೇಲೆ ಹರ್ಮಿಟ್ ಎಂಬ ಕೆಂಪು ಇಳಿಜಾರು; ಆಮೇಲೆ ಸೂಪಾಯಿ ಎಂಬ ಮೆಟ್ಟಿಲು ಮೆಟ್ಟಿಲಾದ ಕೆಂಪು ಪದರಗಳು; ಅದರ ಕೆಳಗೆ ಸುಮಾರು 500 ಅಡಿ ನೇರವಾಗಿ ನಿಂತ ರೆಡ್‌ವಾಲ್, ಅಂದರೆ ಕೆಂಗೋಡೆ. ನಿಜವಾಗಿ ಅದು ಬೂದುಬಣ್ಣದ ಸುಣ್ಣಕಲ್ಲು. ಮೇಲಿನ ಪದರಗಳ ಕೆಮ್ಮಣ್ಣು ಮಳೆಯಲ್ಲಿ ಇಳಿದು ಅದಕ್ಕೆ ಬಣ್ಣ ಬಳಿದಿದೆ. ದಾರಿ ಹುಡುಕುವವರ ಆಸೆಗಳೆಲ್ಲ ಸಾಮಾನ್ಯವಾಗಿ ಈ ಗೋಡೆಯ ತಲೆಯ ಮೇಲೆ ಮುಗಿಯುತ್ತವೆ. ಹಿಂದೆಂದೋ ಭೂಮಿಯು ಬಿರಿದು ಪದರಗಳು ಜಾರಿದ ಕಡೆ ಮಾತ್ರ ಗೋಡೆಯು ಮುರಿದು ಸಂದು ಬಿದ್ದಿರುತ್ತದೆ. ಬ್ರೈಟ್ ಏಂಜೆಲ್ ಎಂಬ ಪ್ರಸಿದ್ಧವಾದ ಕಾಲುದಾರಿಯು ಅಂಥ ಬಿರುಕಿನಲ್ಲಿಯೇ ಇಳಿಯುತ್ತದೆ. ಅದನ್ನು ಮೊದಲು ಬಳಸುತ್ತಿದ್ದವರು ಹವಾಸುಪಾಯಿ ಜನರು.

ಈ ವ್ಯಸನಿಗಳ ಗುರುಸ್ಥಾನದಲ್ಲಿರುವವರು ನನ್ನಂತೆಯೇ ಒಬ್ಬ ಉಪಾಧ್ಯಾಯರು. ಹಾರ್ವಿ ಬುಚರ್ಟ್ ಎಂಬ ಇವರು 1945ರಲ್ಲಿ ಫ್ಲಾಗ್‌ಸ್ಟಾಫ್ ಊರಿನ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಬಿಡುವು ದೊರೆತಾಗಲೆಲ್ಲ ಕಂದರಕ್ಕೆ ಇಳಿದು, ಒಟ್ಟು 12,000 ಮೈಲಿಗಿಂತ ಹೆಚ್ಚು ನಡೆದರು. ಹೋಗಿ ಬಂದದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಅದು ಸಾವಿರ ಪುಟಗಳನ್ನು ಮೀರಿದೆ. ಅದರಲ್ಲಿ ದಾರಿ ಸಿಕ್ಕ ದಿನಗಳಂತೆಯೇ ಸಿಕ್ಕದ ದಿನಗಳೂ ಸೇರಿವೆ. 1970ರಲ್ಲಿ ಅವರ ಚಿಕ್ಕ ಕೈಪಿಡಿಯು ಅಚ್ಚಾಯಿತು. 1955ರಲ್ಲಿ ಅವರೊಡನೆ ಹೋಗಿದ್ದ ವಿದ್ಯಾರ್ಥಿಯೊಬ್ಬನು ಕೊಲೊರಾಡೊ ನದಿಯಲ್ಲಿ ಮುಳುಗಿ ತೀರಿಕೊಂಡನು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದ ಯಾವ ಉಪಾಧ್ಯಾಯನಿಗೂ ಆ ವಾಕ್ಯವನ್ನು ಓದಿ ಮುಂದಕ್ಕೆ ಹೋಗುವುದು ಸುಲಭವಲ್ಲ. ಬುಚರ್ಟರು 2002ರಲ್ಲಿ ನಿಧನರಾದರು.

ನನ್ನ ಮಗನ ಮಿತ್ರನೊಬ್ಬನು ಅಲ್ಲಿಯ ಪ್ರೌಢಶಾಲೆಯ ಗಣಿತದ ಉಪಾಧ್ಯಾಯ. ಐವತ್ತರ ಆಸುಪಾಸಿನವನು, ಮಿತಭಾಷಿ. ದಕ್ಷಿಣದ ಅಂಚಿನ ಒಂದೆಡೆಯಿಂದ ಕೆಂಗೋಡೆಯ ತಲೆಯವರೆಗೆ ಇಳಿಯಲು ಸಾಧ್ಯವೇ ಎಂದು ನೋಡಬೇಕೆಂಬುದು ಇವರಿಬ್ಬರ ಸಂಕಲ್ಪ. ಆ ಸ್ಥಳದ ಹೆಸರನ್ನು ಬರೆಯಕೂಡದೆಂದು ಆತನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಓದಿದವರು ಯಾರಾದರೂ ಅಲ್ಲಿಗೆ ಹೋಗಿ ಸಿಕ್ಕಿಬಿದ್ದಾರೆಂಬ ಭಯ. ಒಂದೇ ದಿನದಲ್ಲಿ ಹೋಗಿಬರುವುದಾದ್ದರಿಂದ ಉದ್ಯಾನದ ಕಚೇರಿಯ ಅಪ್ಪಣೆ ಬೇಕಾಗಿರಲಿಲ್ಲ. ಒಳಗೆ ರಾತ್ರಿ ತಂಗುವವರಿಗೆ ಮಾತ್ರ ಅದು ಬೇಕು. ಹರ್ಮಿಟ್ ಇಳಿಜಾರಿನವರೆಗೆ ಅವರು ಮೊದಲೇ ಒಮ್ಮೆ ಹೋಗಿ ಬಂದಿದ್ದರು. ಅಲ್ಲಿಯವರೆಗೆ ನಾನೂ ಬರುತ್ತೇನೆಂದು ಹಟಹಿಡಿದೆ.

ಹಿಂದಿನ ರಾತ್ರಿ ಮೇಜಿನ ಮೇಲೆ ಭೂಪಟವನ್ನು ಹರಡಿದರು. ಸಮಾನವಾದ ಎತ್ತರವನ್ನು ತೋರಿಸುವ ಗೆರೆಗಳು ಒತ್ತಾಗಿದ್ದರೆ ಗೋಡೆ, ದೂರದೂರವಾಗಿದ್ದರೆ ಇಳಿಜಾರು. ಇಷ್ಟು ನನಗೂ ಗೊತ್ತಿತ್ತು. ಆ ಪಟದಲ್ಲಿ 40 ಅಡಿಗೊಂದು ಗೆರೆ. ನಾವು ಹೋಗಬೇಕಾದ ಕಡೆ ಗೆರೆಗಳು ಸಾಕಷ್ಟು ಬಿಡಿಯಾಗಿದ್ದುವು. “ದಾರಿ ಇದ್ದೇ ಇದೆಯಲ್ಲ!” ಎಂದೆ. ಆತನು ಪೆನ್ಸಿಲಿನ ಮೊನೆಯನ್ನು ಎರಡು ಗೆರೆಗಳ ನಡುವೆ ಇಟ್ಟು, “ಮೂವತ್ತು ಅಡಿಯ ಗೋಡೆಯೊಂದು ಇಲ್ಲಿ ಬಚ್ಚಿಟ್ಟುಕೊಳ್ಳಬಹುದು, ಗೆರೆಗೆ ಅದು ಕಾಣುವುದಿಲ್ಲ” ಎಂದನು.

ಸೊಸೆಯು ಚಪಾತಿ, ಹುರಿಗಡಲೆ, ಬೆಲ್ಲಗಳನ್ನು ಕಟ್ಟಿ, ಉಪ್ಪುನೀರಿನಲ್ಲಿ ನೆನೆಹಾಕಿದ ನೆಲ್ಲಿಕಾಯಿಯ ಡಬ್ಬಿಯನ್ನು ಮಗನ ಚೀಲದಲ್ಲಿಟ್ಟು, “ಮಾವ, ನೀರು ಕುಡಿದಾಗಲೆಲ್ಲ ಒಂದೊಂದು ಬಾಯಿಗೆ ಹಾಕಿಕೊಳ್ಳಿ” ಎಂದಳು. ಇದು ಬರಿಯ ಉಪಚಾರದ ಮಾತಲ್ಲ. ಬಿಸಿಲಿನಲ್ಲಿ ಬೆವರಿನೊಡನೆ ಉಪ್ಪೂ ಹೊರಟುಹೋಗುವುದರಿಂದ, ಏನನ್ನೂ ತಿನ್ನದೆ ನೀರನ್ನೇ ಕುಡಿಯುತ್ತ ಹೋದವರು ಅಲ್ಲಿ ಪ್ರಜ್ಞೆತಪ್ಪಿ ಬಿದ್ದದ್ದುಂಟು.

ಮೇ ತಿಂಗಳ ಕಡೆಯ ವಾರ. ಬೆಳಗಿನ ನಾಲ್ಕೂವರೆಗೆ, ಕಾಲಿಡುವ ಕಲ್ಲು ಕಾಣುವಷ್ಟು ಬೆಳಕಾದ ಕೂಡಲೆ ಇಳಿಯತೊಡಗಿದೆವು. ತಲೆಗೆ ನಾಲ್ಕು ಲೀಟರಿನಂತೆ ನೀರು. ಅದಲ್ಲದೆ ಅವರಿಬ್ಬರ ಹೆಗಲಿನಲ್ಲಿ ಎರಡೆರಡು ಲೀಟರು ಹೆಚ್ಚಿಗೆ. ಕೈಬಾಬಿನ ಬಂಡೆಗಳ ನಡುವೆ ಒಂದು ಕಿರುಕೊರಕಲು. ಅಲ್ಲಲ್ಲಿ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಗುರುತು. ಹಿಂದಿನ ಸಲ ಇವರೇ ಇಟ್ಟದ್ದು. ಗಣಿತದ ಉಪಾಧ್ಯಾಯನು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದನು. ಏಕೆಂದು ಕೇಳಿದೆ. “ಇಳಿಯುವಾಗ ಕಾಣುವ ಬೆಟ್ಟವೇ ಬೇರೆ, ಹತ್ತುವಾಗ ಕಾಣುವುದೇ ಬೇರೆ. ಸಂಜೆ ನಮಗೆ ಬೇಕಾಗುವುದು ಎರಡನೆಯದು” ಎಂದನು.

ಕೊಕೊನಿನೊ ಗೋಡೆಯ ಬಿರುಕನ್ನು ದಾಟುವಾಗ ನಾನು ಕುಳಿತು ಜಾರಿದ್ದೇ ಹೆಚ್ಚು. ಅದರ ಬುಡದಲ್ಲಿ ಒಂದು ಬಂಡೆಯ ನೆರಳಿನಲ್ಲಿ ಆತನು ಹೆಚ್ಚಿಗೆ ತಂದ ಎರಡು ಸೀಸೆಗಳನ್ನೂ ಇಡಿಸಿದನು. ನನ್ನ ಮಗನು, “ಇಷ್ಟು ದೂರ ಹೊತ್ತು ತಂದು ಇಲ್ಲಿ ಬಿಡುವುದೇ?” ಎಂದು ನಕ್ಕನು. ನಾನೂ ನಕ್ಕೆ.

ಹರ್ಮಿಟ್ ಇಳಿಜಾರಿನಲ್ಲಿ ನಮ್ಮ ಕತ್ತಾಳೆಯ ಜಾತಿಯ ಗಿಡಗಳು ಹೂಗಂಬವನ್ನೆತ್ತಿ ನಿಂತಿದ್ದುವು. ಸ್ವಲ್ಪ ಕೆಳಗೆ ಸುಟ್ಟು ಒಡೆದ ಕಲ್ಲುಗಳ ಒಂದು ವೃತ್ತ. ಹಿಂದಿನ ಜನರು ಕತ್ತಾಳೆಯ ತಿರುಳನ್ನು ಕುಳಿಯಲ್ಲಿ ಹೂತು ಸುಟ್ಟು ತಿನ್ನುತ್ತಿದ್ದರು. ಇದು ಅವರ ಒಲೆ. ದೊಡ್ಡ ಕೊಂಬಿನ ಕಾಡುಕುರಿಗಳ ಹಿಕ್ಕೆಯೂ ಅಲ್ಲಿ ಬಿದ್ದಿತ್ತು. ಮನುಷ್ಯರೂ ಕುರಿಗಳೂ ಬಂದ ಮೇಲೆ ಕೆಳಕ್ಕೆ ದಾರಿಯಿರಲೇಬೇಕೆಂದು ನಾನು ತರ್ಕಿಸಿದೆ. ಒಪ್ಪಂದದಂತೆ ನಾನು ಅಲ್ಲಿಯೇ ಕುಳಿತಿರಬೇಕಾಗಿತ್ತು. ಒಲೆಯನ್ನು ನೋಡಿದ ಉತ್ಸಾಹದಲ್ಲಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತ ಅವರ ಹಿಂದೆಯೇ ಸೂಪಾಯಿ ಮೆಟ್ಟಿಲುಗಳನ್ನು ಇಳಿದೆ.

ಹತ್ತು ಗಂಟೆಗೆ ಒಂದು ತುದಿಗೆ ಬಂದು ನಿಂತೆವು. ಹನ್ನೆರಡು ಅಡಿಯಷ್ಟು ನುಣುಪಾದ ಗೋಡೆ. ಅದರ ಕೆಳಗೆ ಸೊಗಸಾದ ಇಳಿಜಾರು, ತಿರುವಿನಲ್ಲಿ ಮರೆಯಾಗುತ್ತಿತ್ತು. ಗಣಿತದವನು ಬಲಗಡೆಯ ಅಂಚನ್ನು ಹಿಡಿದು ಮುಂದೆ ಹೋಗಿ ನೋಡಿ ಬರುವೆನೆಂದು ಹೊರಟನು. ತಾನು ಬರುವವರೆಗೆ ಇಳಿಯಬಾರದೆಂದು ಹೇಳಿಯೇ ಹೋದನು. ಅರ್ಧ ಗಂಟೆಯಾಯಿತು. ಮಗನು ಗೋಡೆಯನ್ನು ನೋಡುತ್ತ, “ಅಪ್ಪ, ಹನ್ನೆರಡೇ ಅಡಿ. ಕೈಯಲ್ಲಿ ಜೋತು ಬಿಟ್ಟರೆ ಆರಡಿ” ಎಂದನು. ಬೇಡವೆನ್ನಬೇಕಾಗಿದ್ದವನು ನಾನು. “ಹಾಗಾದರೆ ಇಳಿದು ನೋಡು. ಚೀಲವನ್ನು ಮೊದಲು ಇಳಿಸು” ಎಂದೆ, ಹಗ್ಗದ ಗಂಟನ್ನೂ ನಾನೇ ಹಾಕಿದೆ. ಅದು ಸಾಮಾನು ಇಳಿಸುವ ಸಣ್ಣ ನೈಲಾನ್ ಹಗ್ಗ, ಆಳಿನ ಭಾರಕ್ಕಲ್ಲ. ಬಾವಿಯಿಂದ ನೀರು ಸೇದಿ ಬೆಳೆದವನಿಗೆ ಗಂಟು ಹಾಕಲು ಯಾರು ಕಲಿಸಬೇಕು?

ಚೀಲವು ಕೆಳಗೆ ಕುಳಿತಿತು. ಮಗನು ಅಂಚಿನಲ್ಲಿ ಕುಳಿತು ಕಾಲನ್ನು ಇಳಿಬಿಟ್ಟನು. ಅಷ್ಟರಲ್ಲಿ ಬಲಗಡೆಯಿಂದ ಕೂಗು ಕೇಳಿಸಿತು. ಗಣಿತದವನು ಬೇಗಬೇಗನೆ ಬಂದನು. ಅವನಿಗೆ ತಿರುವಿನ ಆಚೆ ಕಂಡಿತ್ತು: ಆ ಸೊಗಸಾದ ಇಳಿಜಾರು ನೂರು ಗಜ ಹೋಗಿ ಇನ್ನೊಂದು ಗೋಡೆಯ ತಲೆಯಲ್ಲಿ ಮುಗಿಯುತ್ತಿತ್ತು. ಇಳಿದವನು ಮುಂದಕ್ಕೂ ಹೋಗಲಾರನು, ನುಣುಪಾದ ಹನ್ನೆರಡು ಅಡಿಯನ್ನು ಹಿಂದಕ್ಕೆ ಹತ್ತಲೂ ಆರನು. ಅವನು ನನ್ನ ಮಗನನ್ನು ಏನೂ ಅನ್ನಲಿಲ್ಲ. ತೋಳನ್ನು ಹಿಡಿದು ಅಂಚಿನಿಂದ ಹಿಂದಕ್ಕೆ ಎಳೆದುಕೊಂಡನು. ನನ್ನ ಕಡೆ ಒಮ್ಮೆ ನೋಡಿದನು. ತಪ್ಪು ಮಾಡಿದ ಹುಡುಗರನ್ನು ನಾನು ಮೂವತ್ತು ವರ್ಷ ಹಾಗೆ ನೋಡಿದ್ದೇನೆ.

ಚೀಲವನ್ನು ಮೇಲಕ್ಕೆಳೆದೆವು. ಅರ್ಧಕ್ಕೆ ಬಂದು ಕಲ್ಲಿನ ಮೂಲೆಗೆ ಸಿಕ್ಕಿಕೊಂಡಿತು. ಜಗ್ಗಿದೆವು. ನಾರಿನ ಹಗ್ಗದಲ್ಲಿ ಬಿಗಿಯುವ ಗಂಟು ನೈಲಾನಿನಲ್ಲಿ ಜಾರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಚೀಲವು ಬಿದ್ದು, ಉರುಳಿ, ಒಂದು ಪೊದೆಯ ಬುಡದಲ್ಲಿ ನಿಂತಿತು. ಅದರಲ್ಲಿ ಮೂರು ಲೀಟರು ನೀರು, ಊಟ, ನೆಲ್ಲಿಕಾಯಿ ಎಲ್ಲವೂ ಇದ್ದುವು.

ಲೆಕ್ಕ ಹಾಕಿದೆವು. ಮೂವರಿಗೆ ಮೂರೂವರೆ ಲೀಟರು. ನೆರಳಿನಲ್ಲಿಯೇ ಶಾಖವು 95 ಡಿಗ್ರಿ. ಹತ್ತುವುದಕ್ಕೆ ಇಳಿದದ್ದರ ಎರಡರಷ್ಟು ಹೊತ್ತು ಬೇಕೆಂಬುದು ಅಲ್ಲಿಯ ರೂಢಿಯ ಲೆಕ್ಕ. ಒಂದು ಬಂಡೆಯ ಚಾಚಿನ ಕೆಳಗೆ ಮೂರು ಗಂಟೆಯವರೆಗೂ ಮಾತಾಡದೆ ಮಲಗಿದೆವು. ಬಿಸಿಲಿನಲ್ಲಿ ನಡೆದರೆ ನೀರು ಬೇಗ ತೀರುವುದು. ಗಣಿತದವನು ಜೇಬಿನಿಂದ ಉಪ್ಪಿನ ಬಿಸ್ಕತ್ತುಗಳನ್ನು ತೆಗೆದು ಮೂರು ಪಾಲು ಮಾಡಿದನು. ನನಗೆ ನಿದ್ರೆ ಬರಲಿಲ್ಲ. ಆ ತಿರುವಿನ ಆಚೆ ನನ್ನ ಮಗನು ಒಬ್ಬನೇ ನಿಂತಿರುವಂತೆ ಕಣ್ಣಿಗೆ ಕಟ್ಟುತ್ತಿತ್ತು. ಇಳಿದು ನೋಡು ಎಂದ ನನ್ನದೇ ದನಿ ಕಿವಿಯಲ್ಲಿತ್ತು.

ಆಮೇಲಿನ ಏರಿಕೆಯನ್ನು ವಿಸ್ತರಿಸುವುದಿಲ್ಲ. ಹರ್ಮಿಟ್ ಇಳಿಜಾರಿನಲ್ಲಿ ನಮ್ಮ ನೀರು ತೀರಿತು. ಕಾಲಿಟ್ಟಲ್ಲೆಲ್ಲ ಕೆಂಪು ಮಣ್ಣು ಜಾರುತ್ತಿತ್ತು; ನನ್ನ ನಾಲಗೆಯು ಅಂಗುಳಿಗೆ ಅಂಟಿತ್ತು. ಬೆಳಗ್ಗೆ ನಕ್ಕಿದ್ದ ಆ ಎರಡು ಸೀಸೆಗಳ ಬಂಡೆಯನ್ನು ಮಗನೇ ಮೊದಲು ಕಂಡನು. ಓಡಿಹೋಗಿ ತಂದು, ಮುಚ್ಚಳ ತೆಗೆದು, ಮೊದಲು ನನ್ನ ಕೈಗೆ ಕೊಟ್ಟನು. ಕೊಕೊನಿನೊ ಬಿರುಕಿನಲ್ಲಿ ಒಬ್ಬನು ಮೇಲಿನಿಂದ ಕೈಹಿಡಿದೆಳೆದನು, ಒಬ್ಬನು ಕೆಳಗಿನಿಂದ ನನ್ನ ಪಾದಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಇಟ್ಟನು. ಅಂಚನ್ನು ತಲುಪಿದಾಗ ಕತ್ತಲಾಗಿ ಒಂದು ಗಂಟೆಯಾಗಿತ್ತು.

ಮೋಟಾರಿನ ದೀಪದಲ್ಲಿ ಗಣಿತದವನು ತನ್ನ ಪುಸ್ತಕವನ್ನು ತೆರೆದು ತಾರೀಖನ್ನೂ, ಹೊರಟ ಹೊತ್ತನ್ನೂ, ಗೋಡೆಯ ಎತ್ತರವನ್ನೂ ಬರೆದು, ಕೊನೆಗೆ “ದಾರಿ ಇಲ್ಲ, ಬಲಗಡೆಯ ಅಂಚಿನಲ್ಲಿ ಇನ್ನೂ ನೋಡಬೇಕು” ಎಂದು ಮುಗಿಸಿದನು. ನನ್ನ ಗಂಟಿನ ವಿಷಯವನ್ನು ಬರೆಯಲಿಲ್ಲ. ಬರೆಯಬಹುದೆಂದು ನಾನೇ ಹೇಳಿದೆ. “ಹಗ್ಗ ಜಾರಿತು” ಎಂದಷ್ಟೆ ಸೇರಿಸಿದನು.

ಉದ್ಯಾನದೊಳಗೆ ಯಾವ ವಸ್ತುವನ್ನೂ ಬಿಟ್ಟುಬರಕೂಡದು. ಆದ್ದರಿಂದ ಮುಂದಿನ ಭಾನುವಾರ ಅವರಿಬ್ಬರೂ ಆಳಿನ ಭಾರವನ್ನು ತಡೆಯುವ ಹಗ್ಗವನ್ನು ತೆಗೆದುಕೊಂಡು, ರಾತ್ರಿ ಮೂರು ಗಂಟೆಗೇ ತಲೆದೀಪ ಕಟ್ಟಿಕೊಂಡು ಇಳಿದು ಹೋದರು. ನಾನು ಅಂಚಿನಲ್ಲಿ ಒಂದು ಮರದ ಕೆಳಗೆ ದೂರದರ್ಶಕವನ್ನು ಹಿಡಿದು ಕುಳಿತಿದ್ದೆ. ಹನ್ನೊಂದು ಗಂಟೆಗೆ ಮೇಲೆ ಬಂದರು. ಅಲ್ಲಿಯ ದೊಡ್ಡ ಕಾಗೆಗಳಿಗೆ ಚೀಲದ ಜಿಪ್ಪನ್ನು ಎಳೆದು ತೆರೆಯುವ ವಿದ್ಯೆ ಬರುತ್ತದೆ. ಚಪಾತಿ, ಬೆಲ್ಲ, ಹುರಿಗಡಲೆ ಒಂದೂ ಉಳಿದಿರಲಿಲ್ಲ. ನೆಲ್ಲಿಕಾಯಿಯ ಡಬ್ಬಿಯನ್ನೂ ಕುಕ್ಕಿ ತೆರೆದು, ಒಂದೇ ಒಂದರ ರುಚಿ ನೋಡಿ, ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದುವು.